ಪೂಜೆಗೆ ಇಟ್ಟ ಕನ್ನಡಕ

ಆಯುಧ ಪೂಜೆಯ ದಿನ ಹೊಸದುರ್ಗದ ನಮ್ಮ ಬೀದಿಯಲ್ಲಿ ಒಂದು ಸ್ಕ್ರೂಡ್ರೈವರ್ ಬೇಕೆಂದರೂ ಸಿಗುವುದಿಲ್ಲ. ಇಲ್ಲವೆಂದಲ್ಲ, ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಅವತ್ತು ಅವೆಲ್ಲ ದೇವರ ಮುಂದೆ ಮಣೆಯ ಮೇಲೆ ವಿಭೂತಿ ಬಳಿಸಿಕೊಂಡು, ಸೇವಂತಿಗೆ ಹೂ ಏರಿಸಿಕೊಂಡು ಕೂತಿರುತ್ತವೆ. ಕುಡುಗೋಲು, ಮಚ್ಚು, ಸುತ್ತಿಗೆ, ನಟ್ಟು ತಿರುಗಿಸುವ ಪಾನ, ದರ್ಜಿಯವನ ಕತ್ತರಿ, ಯಾವುದನ್ನೂ ಮಾರನೆಯ ದಿನ ಪೂಜೆ ಕದಲಿಸುವ ತನಕ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದವಕ್ಕೆ ಒಂದು ದಿನ ರಜೆ ಬೇಡವೇ ಎಂದು ನಮ್ಮತ್ತೆ ಹೇಳುತ್ತಿದ್ದರು. ಆ ಮಾತು ನನಗೂ ಇಷ್ಟವಾಗಿತ್ತು. ನಮಗಂತೂ ರಜೆ ಇಲ್ಲ, ಪಾನಕ್ಕಾದರೂ ಇರಲಿ ಅಂದುಕೊಳ್ಳುತ್ತಿದ್ದೆ.

ನಮ್ಮ ಮನೆಯವರದು ಬಾಡಿಗೆ ಕಾರು, ಹಳದಿ ಬೋರ್ಡು. ಹಾಲುರಾಮೇಶ್ವರಕ್ಕೆ ಹೋಗುವ ಭಕ್ತರು, ದುರ್ಗದ ಜಿಲ್ಲಾಸ್ಪತ್ರೆಗೆ ಹೋಗುವ ಬಸುರಿಯರು, ಹಿರಿಯೂರಿನ ಕಡೆ ಹೆಣ್ಣು ನೋಡಲು ಹೋಗುವ ಗಂಡಿನ ಮನೆಯವರು, ಎಲ್ಲರಿಗೂ ಅವರೇ ಆಗಬೇಕು. ಮದುವೆಯಾದಾಗಿನಿಂದ ಅವರು ಬೇರೆ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಬೇರೆ ಕೆಲಸ ಬರುವುದೂ ಇಲ್ಲ. ಸ್ಟೀರಿಂಗ್ ಹಿಡಿದರೆ ಮನುಷ್ಯ, ಇಳಿದರೆ ಮೂಟೆ. ಇದನ್ನು ಅವರ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ನಗುತ್ತಿದ್ದರು.

ನನ್ನದು ಪೇಟೆಯಲ್ಲಿ ಒಂದು ಸಣ್ಣ ಬ್ಯಾಟರಿ ಅಂಗಡಿ. ಹೆಂಗಸು ಬ್ಯಾಟರಿ ಅಂಗಡಿ ಇಟ್ಟಿದ್ದಾಳೆಂದು ಹೊಸದರಲ್ಲಿ ಜನ ಬಗ್ಗಿ ಬಗ್ಗಿ ನೋಡಿಕೊಂಡು ಹೋದರು. ನೋಡಿಕೊಳ್ಳಲಿ, ನನ್ನ ಗಂಟೇನು ಹೋಯಿತು? ಹೊಳಲ್ಕೆರೆಯಲ್ಲಿ ನಮ್ಮಪ್ಪ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದರು. ಆಸಿಡ್ಡಿನ ಹುಳಿ ವಾಸನೆ ಹುಟ್ಟಿದಾಗಿನಿಂದ ನನ್ನ ಮೂಗಿನಲ್ಲಿದೆ. ನನ್ನ ಸ್ಕೂಲ್ ಲಂಗದ ತುಂಬ ಸಾಸಿವೆ ಕಾಳಿನಷ್ಟು ತೂತುಗಳು. ಮೊದಲು ಕಾಣುತ್ತಿರಲಿಲ್ಲ, ಒಗೆದ ಮೇಲೆ ಕಾಣುತ್ತಿದ್ದವು. ಅವ್ವ ತೇಪೆ ಹಾಕಿ ಹಾಕಿ ಸಾಕಾಗಿ, ಕೊನೆಗೆ ಅಂಗಡಿಗೆ ಹೋಗುವುದಾದರೆ ಗೋಣಿಚೀಲ ಉಟ್ಟುಕೊಂಡು ಹೋಗು ಎಂದು ರೇಗಿದ್ದಳು.

ಅಪ್ಪನ ಅಂಗಡಿಯಲ್ಲಿ ಕೆಲವು ಕಟ್ಟುನಿಟ್ಟುಗಳಿದ್ದವು. ಬ್ಯಾಟರಿ ಮುಟ್ಟುವ ಮೊದಲು ಉಂಗುರ, ಗಡಿಯಾರ ಎಲ್ಲ ಬಿಚ್ಚಿಡಬೇಕು. ಬಿಚ್ಚುವಾಗ ಮೈನಸ್ಸಿನ ತಂತಿ ಮೊದಲು, ಹಾಕುವಾಗ ಮೈನಸ್ಸು ಕೊನೆಗೆ. ಬ್ಯಾಟರಿ ಚಾರ್ಜಾಗುವಾಗ ಅದರಿಂದ ಕಣ್ಣಿಗೆ ಕಾಣದ ಗ್ಯಾಸ್ ಏಳುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಬೀಡಿ ಹಚ್ಚಿಕೊಂಡು ಬಂದವನು ಯಾರೇ ಆಗಿರಲಿ, ರಸ್ತೆಯ ಆ ಬದಿಗೆ ಅಟ್ಟುತ್ತಿದ್ದರು. "ಮುಖ ತರಬ್ಯಾಡ ಅದರ ಮ್ಯಾಲೆ. ಬಾವಿ ಅಲ್ಲ ಅದು ಬಗ್ಗಿ ನೋಡಾಕೆ," ಎಂದು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. ಅದೆಲ್ಲ ನನಗೆ ಈಗ ಅಭ್ಯಾಸ. ಕೆಲಸಕ್ಕೆ ನಿಂತರೆ ತಾಳಿ ಸರ ಬೆನ್ನಿಗೆ, ಚಿನ್ನದ ಬಳೆ ಡಬ್ಬಿಗೆ. ಗಾಜಿನ ಬಳೆ ಇರುತ್ತವೆ, ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಮುತ್ತೈದೆ ಹಿಂಗೆಲ್ಲ ಬಿಚ್ಚಿಡಬಾರದು ಎಂದು ಅತ್ತೆ ಮೊದಮೊದಲು ಗೊಣಗಿದರು. ಆಮೇಲೆ ಅವರೇ ಡಬ್ಬಿಯ ಮುಚ್ಚಳ ತೆಗೆದು ಹಿಡಿದುಕೊಂಡು ನಿಲ್ಲತೊಡಗಿದರು.

ಮನೆಯವರ ಕಾರಿನ ಡಿಕ್ಕಿಯಲ್ಲಿ ನಾನೊಂದು ಪೆಟ್ಟಿಗೆ ಇಟ್ಟಿದ್ದೆ. ಪಕ್ಕವೂ ಮುಚ್ಚುವಂಥ ದೊಡ್ಡ ಕನ್ನಡಕ, ರಬ್ಬರ್ ಗ್ಲೌಸು, ಹಿಡಿಗೆ ಟೇಪ್ ಸುತ್ತಿದ ಪಾನ. ದಾರಿಯಲ್ಲಿ ಬ್ಯಾಟರಿ ಕೈಕೊಟ್ಟರೆ ಇರಲಿ ಎಂದು. "ಇದನ್ನ ಹಾಕ್ಕಂಡ್ರೆ ಪ್ಯಾಸೆಂಜರ್ರು ಇಳುದು ಓಡಿಹೋಗ್ತಾರೆ ಕಣೇ," ಎಂದು ತಮಾಷೆ ಮಾಡುತ್ತಿದ್ದರು. ಆದರೆ ಹಾಕಿಕೊಳ್ಳುತ್ತಿದ್ದರು. ಹೆಂಡತಿ ಹೇಳಿದ್ದನ್ನು ಕೇಳುವ ಗಂಡಸು ಅಪರೂಪ, ಅವರು ಕೇಳುತ್ತಿದ್ದರು. ಆ ಒಂದು ವಿಷಯದಲ್ಲಿ ನಾನು ಅವರನ್ನು ದೂರುವ ಹಾಗಿಲ್ಲ.

ಆ ವರ್ಷದ ಆಯುಧ ಪೂಜೆಯ ಬೆಳಿಗ್ಗೆ ನಾನು ಅಂಗಡಿಯ ಪೂಜೆ ಮುಗಿಸಿ ಬರಲು ಪೇಟೆಗೆ ಹೋಗಿದ್ದೆ. ಮನೆಯಲ್ಲಿ ನಡೆದದ್ದನ್ನು ಆಮೇಲೆ ಎದುರು ಮನೆಯವರು ನನಗೆ ಹೇಳಿದರು. ಅವರು ತೆಂಗಿನಕಾಯಿ ವ್ಯಾಪಾರಸ್ಥರು, ಹಿರಿಯೂರಿಗೆ ಕಾಯಿ ಸಾಗಿಸುವವರು. ಒಳ್ಳೆಯ ಮನುಷ್ಯ. ಹೇಳುವಾಗ ಒಂದೊಂದು ಮಾತಿಗೂ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ಬೆಳಿಗ್ಗೆ ಕಾರು ತೊಳೆಯುವಾಗ ಮನೆಯವರು ನಾಲ್ಕೂ ಬಾಗಿಲು ತೆಗೆದಿಟ್ಟು ಹಾಡು ಹಾಕಿದ್ದರಂತೆ. ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಹಾರ ಹಾಕುವ ತನಕ ಹಾಡು ನಡೆದೇ ಇತ್ತು. ಬ್ಯಾಟರಿಯೂ ಹಳೆಯದು, ಹಬ್ಬ ಕಳೆದ ಮೇಲೆ ಬದಲಾಯಿಸೋಣವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಪೂಜೆಯಾಯಿತು. ಬೂದುಗುಂಬಳ ಒಡೆದರು. ನಾಲ್ಕು ಗಾಲಿಗೂ ನಾಲ್ಕು ನಿಂಬೆಹಣ್ಣು ಇಟ್ಟರು. ಮನೆಯವರು ಕೂತು ಕೈಮುಗಿದು ಕೀ ತಿರುಗಿಸಿದರೆ ಬರೀ ಟಿಕ್ ಅಂದಿತು. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ.

ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿಯದೆ ನಿಂತರೆ ಹೇಗಾಗಬೇಡ? ಬೀದಿಯವರೆಲ್ಲ ನೋಡುತ್ತಿದ್ದಾರೆ, ರಾಹುಕಾಲ ಬೇರೆ ಹತ್ತಿರ ಬರುತ್ತಿದೆ. ಅತ್ತೆಯ ಮುಖ ಸಣ್ಣಗಾಯಿತಂತೆ. ಎದುರು ಮನೆಯವರು ತಮ್ಮ ಕಾರನ್ನು ತಂದು ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಿದರು. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ಕೇಬಲ್ ಅವರ ಡಿಕ್ಕಿಯಲ್ಲೇ ಇತ್ತು. ಹಾಕಿ, ಅವರ ಇಂಜಿನ್ ಜೋರಾಗಿ ಓಡಿಸಿದರೂ ನಮ್ಮದು ಏಳಲಿಲ್ಲ. ಪ್ಲಸ್ಸಿನ ಕಡೆ ನಟ್ಟು ಸಡಿಲಾಗಿ, ಸುತ್ತ ಬಿಳಿ ಉಪ್ಪಿನಂಥದ್ದು ಕಟ್ಟಿತ್ತು. ನಟ್ಟು ಬಿಗಿ ಮಾಡಬೇಕೆಂದು ಮನೆಯವರು ಪೆಟ್ಟಿಗೆ ತರಲು ಒಳಗೆ ಹೋದರು. ಡಿಕ್ಕಿಯ ಪೆಟ್ಟಿಗೆಯೂ ಅವತ್ತು ದೇವರ ಮುಂದಿತ್ತು. ಅತ್ತೆ ಬಾಗಿಲಿಗೆ ಅಡ್ಡ ಬಂದರು.

"ಲೇ, ಮುಟ್ಟಬ್ಯಾಡ ಅದನ್ನ. ಪೂಜೆಗೆ ಕೂತೈತೆ."

"ಒಂದು ಪಾನ ಅಷ್ಟೇ ಕಣವ್ವ. ತಿರುವಿ ತಂದು ಇಡ್ತೀನಿ."

"ಒಂದು ಮುಟ್ಟಿದ್ರೂ ಅಷ್ಟೇ, ಎಲ್ಲ ಮುಟ್ಟಿದ್ರೂ ಅಷ್ಟೇ. ನಾಳೆ ಕದಲಿಸಿದ ಮ್ಯಾಲೆ ತಗ."

ಎದುರು ಮನೆಯವರ ಪಾನವೂ ಅವರ ದೇವರ ಮುಂದೆ. ಪಕ್ಕದ ಮನೆಯದೂ ಅಷ್ಟೇ. ಮೆಕ್ಯಾನಿಕ್‌ಗಳೆಲ್ಲ ಬಾಗಿಲು ಹಾಕಿ ಹೂ ಏರಿಸಿ ಕೂತಿದ್ದರು. ಅತ್ತೆ ಒಂದು ಗಳಿಗೆ ಯೋಚನೆ ಮಾಡಿ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳ ತಂದರು.

"ತಗ, ಇದಕ್ಕೆ ಪೂಜೆ ಮಾಡಿಲ್ಲ. ಬೆಳಿಗ್ಗಿಂದ ಒಲೆ ಮುಂದೆ ದುಡೀತಾನೇ ಐತೆ. ಇದರಾಗೇ ತಿರುವು."

ಎಲ್ಲರೂ ನಕ್ಕರಂತೆ. ನಾನಿದ್ದಿದ್ದರೆ ನಾನೂ ನಗುತ್ತಿದ್ದೆ, ನಕ್ಕು ಇಕ್ಕಳ ಕಿತ್ತುಕೊಳ್ಳುತ್ತಿದ್ದೆ. ಕನ್ನಡಕದ ಎರಡೂ ಗಾಜಿಗೆ ಅತ್ತೆ ಒಂದೊಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಅದು ಮಣೆಯ ಮೇಲೆ ಹಾಗೇ ಕೂತಿತ್ತು.

ನಾನು ಬೀದಿಯ ತಿರುವಿಗೆ ಬಂದಾಗ ಕಂಡದ್ದು ಎರಡು ಕಾರು, ಎದ್ದು ನಿಂತ ಬಾನೆಟ್ಟು, ಅದರೊಳಗೆ ಬಗ್ಗಿದ ನನ್ನ ಗಂಡನ ಬೆನ್ನು. ಕೂಗಲು ಬಾಯಿ ತೆರೆದಿದ್ದೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ತೆಂಗಿನಕಾಯಿಯನ್ನು ಬಂಡೆಗೆ ಒಗೆದಂತೆ ಸದ್ದಾಯಿತು. ಮೇಲಿನ ಮನೆಯ ಹೆಂಗಸರು ಯಾರೋ ಈಡುಗಾಯಿ ಹೊಡೆದರೆಂದು ತಿರುಗಿ ಸಹ ನೋಡಲಿಲ್ಲ. ಇಕ್ಕಳದ ಒಂದು ಕೊನೆ ನಟ್ಟಿನ ಮೇಲಿದ್ದಂತೆ ಇನ್ನೊಂದು ಕೊನೆ ಕಾರಿನ ತಗಡಿಗೆ ತಾಗಿ ಕಿಡಿ ಹಾರಿತ್ತು. ಅಷ್ಟು ಹೊತ್ತು ಚಾರ್ಜು ಕುಡಿದ ಬ್ಯಾಟರಿಯ ಗ್ಯಾಸು ಹತ್ತಿಕೊಂಡು ಮುಚ್ಚಳವೇ ಸಿಡಿಯಿತು.

ಅವರು ಎರಡು ಕೈಯನ್ನೂ ಮುಖದಿಂದ ದೂರ ಹಿಡಿದುಕೊಂಡು ನಿಂತಿದ್ದರು. ಚೀರಲಿಲ್ಲ. "ಏನೋ ಬಿತ್ತು ಕಣೇ ಕಣ್ಣಿಗೆ," ಅಂದರು, ಧೂಳು ಬಿದ್ದವರ ಹಾಗೆ.

ಕಾರು ತೊಳೆದ ಪೈಪು ಅಲ್ಲೇ ಬಿದ್ದಿತ್ತು. ನಲ್ಲಿ ತಿರುಗಿಸಿ, ಅವರನ್ನು ನೆಲಕ್ಕೆ ಕೂರಿಸಿ, ತಲೆಯನ್ನು ನನ್ನ ಮೊಣಕಾಲಿಗೆ ಒರಗಿಸಿಕೊಂಡೆ. ರೆಪ್ಪೆಗಳನ್ನು ಬೆರಳಿನಲ್ಲಿ ಬಿಡಿಸಿ ಹಿಡಿದು ನೀರು ಬಿಟ್ಟೆ. ರೆಪ್ಪೆ ಮುಚ್ಚಿಕೊಳ್ಳಲು ಒದ್ದಾಡುತ್ತಿತ್ತು, ನಾನು ಬಿಡಲಿಲ್ಲ. ಸೀರೆ, ಲಂಗ, ಹಬ್ಬದ ಹೂವು ಎಲ್ಲ ತೊಯ್ದು ತೊಪ್ಪೆಯಾದವು. ಅವರ ಅಂಗಿ ನನ್ನ ಕಣ್ಣೆದುರಿಗೇ ತೂತು ಬೀಳುತ್ತಿತ್ತು. ಅದನ್ನು ಹರಿದು ಎಸೆದೆ.

ಜನ ಸೇರಿದರು. ಸೇರಿದವರೆಲ್ಲ ವೈದ್ಯರೇ. ಒಬ್ಬರು ಹರಳೆಣ್ಣೆ ತಂದರು. ಒಬ್ಬರು ಜೇನು ಅಂದರು. ಹಿಂದಿನ ಬೀದಿಯ ಬಾಣಂತಿಯ ಎದೆಹಾಲು ಬಿಟ್ಟರೆ ತಣ್ಣಗಾಗುತ್ತದೆ ಎಂದು ಒಬ್ಬಾಕೆ ಬಟ್ಟಲು ಹಿಡಿದು ಹೊರಟೇಬಿಟ್ಟಳು. "ನೀರು ಬಿಟ್ಟು ಏನಾದ್ರೂ ತಂದ್ರೆ ಈ ಪೈಪಿನಾಗೇ ಬಾರಿಸ್ತೀನಿ. ಆಚೆ ಹೋಗ್ರಿ ಎಲ್ಲರೂ!" ಎಂದು ಕಿರುಚಿದೆ. ಹಬ್ಬದ ದಿನ ಬಾಯಿಗೆ ಬಂದಂತೆ ಬೈದಳು ಎಂದು ಕೆಲವರು ಇವತ್ತಿಗೂ ಹೇಳುತ್ತಾರೆ. ಹೇಳಿಕೊಳ್ಳಲಿ. ನಾನು ಸಿಟ್ಟು ಮಾಡಿಕೊಂಡದ್ದು ಅದೇ ಕೊನೆ. ಆಮೇಲೆ ಒಳಗೆ ಯಾವುದೋ ಸ್ವಿಚ್ಚು ಆರಿದ ಹಾಗಾಯಿತು.

ನೀರು ಬಿಡುತ್ತಾ ಇದ್ದೆ. ತಲೆಯಲ್ಲಿ ಒಂದೇ ವಿಷಯ ಇತ್ತು. ಈ ಮನುಷ್ಯನಿಗೆ ಕಣ್ಣು ಹೋದರೆ ಉಳಿಯುವುದೇನು? ಇಳಿದರೆ ಮೂಟೆ ಎಂದು ನಾನೇ ಹೇಳಿದ್ದೆನಲ್ಲ. ಅದನ್ನು ಯೋಚಿಸಿದರೂ ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗಿತ್ತು.

ಅರ್ಧ ಗಂಟೆಯಾದರೂ ತೊಳೆದಿರಬೇಕು. "ದುರ್ಗಕ್ಕೆ ಹೋಗಾಣ, ಹತ್ರಿ," ಎಂದು ಎದುರು ಮನೆಯವರು ಕಾರು ತಿರುಗಿಸಿ ತಂದರು. ಅವರ ಕಾರಿನ ಬಾಳೆಕಂದು ಹಾಗೇ ಇತ್ತು. ಬಾಟಲಿಗಳಿಗೆಲ್ಲ ನೀರು ತುಂಬಿಕೊಂಡು ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ದಾರಿಯುದ್ದಕ್ಕೂ ನೀರು ಬಿಟ್ಟೆ. ಎದುರಿಗೆ ಬರುವ ಬಸ್ಸು, ಲಾರಿ, ಟ್ರ್ಯಾಕ್ಟರುಗಳೆಲ್ಲ ಹಾರ ಹಾಕಿಕೊಂಡಿದ್ದವು. ಊರು ಬಂದಲ್ಲೆಲ್ಲ ರಸ್ತೆಯ ಮೇಲೆ ಒಡೆದ ಕುಂಬಳಕಾಯಿ. ಹೊಳಲ್ಕೆರೆ ದಾಟುವಾಗ ಅಪ್ಪನ ಅಂಗಡಿಯಿದ್ದ ಜಾಗ ಕಿಟಕಿಯಲ್ಲಿ ಹಾದುಹೋಯಿತು. ಅಲ್ಲೀಗ ಬೇಕರಿ ಇದೆ. ಬೇಕರಿಗೂ ಹೂ ಹಾಕಿದ್ದರು. ಚೆನ್ನಾಗಿ ಹಾಕಿದ್ದಾರೆ ಅನ್ನಿಸಿತು, ಅಷ್ಟೇ.

"ಎಲ್ಲಿಗೆ ಬಂದ್ವಿ?" ಎಂದು ಅವರು ಕೇಳಿದರು.

"ಹೊಳಲ್ಕೆರೆ."

"ಅವರಿಗೆ ಹೇಳು, ಮುಂದಿನ ತಿರುವಿನಾಗೆ ರಸ್ತೆ ಕಿತ್ತೈತೆ. ಎಡಕ್ಕೆ ತಗಳಾಕೆ ಹೇಳು."

ನಾನು ಹೇಳಿದೆ. ಎದುರು ಮನೆಯವರು ಎಡಕ್ಕೆ ತಗೊಂಡರು. ರಸ್ತೆ ನಿಜವಾಗಿಯೂ ಕಿತ್ತಿತ್ತು.

ಆಸ್ಪತ್ರೆಯಲ್ಲಿ ಹಬ್ಬದ ದಿನವೂ ಡಾಕ್ಟರಮ್ಮ ಒಬ್ಬರಿದ್ದರು. ಅವರೂ ಮೊದಲು ಮಾಡಿದ್ದು ನೀರು ಬಿಡುವುದೇ. ಮಧ್ಯೆ ಮಧ್ಯೆ ಒಂದು ಕಾಗದದ ಚೂರನ್ನು ಕಣ್ಣಂಚಿಗೆ ಮುಟ್ಟಿಸಿ, ಆಸಿಡ್ ಉಳಿದಿದೆಯೇ ಎಂದು ಅದರ ಬಣ್ಣ ನೋಡುತ್ತಿದ್ದರು. ಆಮೇಲೆ ಹೊರಗೆ ಬಂದು ನನ್ನ ಒದ್ದೆ ಸೀರೆ ನೋಡಿ, "ನೀವೇನಾ ತೊಳ್ದಿದ್ದು?" ಎಂದು ಕೇಳಿದರು. ಹೌದೆಂದೆ. "ಎಡಗಣ್ಣು ಉಳಿಯುತ್ತೆ. ಬಲಗಣ್ಣಿಗೆ ಆಸಿಡ್ ಜೊತೆಗೆ ಪ್ಲಾಸ್ಟಿಕ್ ಚೂರು ಬಡಿದಿದೆ, ಒಳಗೂ ಪೆಟ್ಟಾಗಿದೆ. ಆಪರೇಷನ್ ಮಾಡ್ತೀವಿ, ಆದ್ರೆ ಭರವಸೆ ಕೊಡಲ್ಲ," ಅಂದರು. ನಾನು ತಲೆಯಾಡಿಸಿದೆ. ಒಣಗಿದ ಸೀರೆ ಯಾರಾದರೂ ತರಬಹುದೇ ಎಂದು ಯೋಚಿಸುತ್ತಿದ್ದೆ.

ನೆಂಟರು ಬಂದರು. ದ್ರಾಕ್ಷಿ ತಂದವರು, ಎಳನೀರು ತಂದವರು, ಬರೀ ಬಾಯಿ ತಂದವರು. ನಾದಿನಿ ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಬ್ಯಾಟರಿ ಅಂಗಡಿ ಇಟ್ಕಂಡಿರಾಳ ಮನೇಲೇ ಹಿಂಗಾಗಾದಾ? ಒಂದು ಹನಿ ಕಣ್ಣೀರಾದ್ರೂ ಹಾಕಿದ್ಲಾ ನೋಡ್ರಿ," ಅಂದಳು. ಬೇರೆ ದಿನವಾಗಿದ್ದರೆ ಅವಳಿಗೆ ಸರಿಯಾಗಿ ನೀರಿಳಿಸುತ್ತಿದ್ದೆ. ಅವಳು ಹೇಳಿದ್ದು ಸುಳ್ಳೇನಲ್ಲ, ಅಳು ಬಂದಿರಲಿಲ್ಲ. ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿಕೊಂಡು ಒಮ್ಮೆ ಅಳಲು ಪ್ರಯತ್ನಿಸಿದೆ. ಮುಖ ಮಾತ್ರ ಸೊಟ್ಟಗಾಯಿತು. ಮುಖ ತೊಳೆದುಕೊಂಡು ವಾಪಸ್ ಬಂದು ಕೂತೆ.

ಅತ್ತೆ ಮಾತ್ರ ಎರಡು ದಿನ ಬೆಂಚಿನ ಒಂದು ಮೂಲೆಯಲ್ಲಿ ಸೆರಗು ಹೊದ್ದುಕೊಂಡು ಕೂತಿದ್ದರು. ಮೂರನೆಯ ದಿನ ಮಧ್ಯಾಹ್ನ ನಾನು ಬುತ್ತಿ ಬಿಚ್ಚುವಾಗ ನನ್ನ ಕೈ ಹಿಡಿದುಕೊಂಡರು.

"ನಂಗೆ ಬೈಯವ್ವ," ಅಂದರು. "ಬಾಯಿ ತುಂಬ ಬೈದುಬಿಡು. ಇಕ್ಕಳ ಕೊಟ್ಟಾಕಿ ನಾನೇ. ಅವನು ಕೇಳಿರಲಿಲ್ಲ, ನಾನೇ ಕೊಟ್ಟೆ. ಬೈದ್ರೆ ನಂಗೆ ಒಂದಿಷ್ಟು ಹಗುರಾಗ್ತೈತೆ."

ನಾನು ಬಾಯಿ ಜೋರಿನವಳು. ಅತ್ತೆಗೂ ನನಗೂ ಹಪ್ಪಳದ ಹಿಟ್ಟಿನ ವಿಷಯಕ್ಕೆ ವಾರಗಟ್ಟಲೆ ಜಗಳವಾಗಿದೆ. ಅವತ್ತು ಹುಡುಕಿದರೂ ಒಂದು ಬೈಗುಳ ಸಿಗಲಿಲ್ಲ. ಅವರ ಮೇಲೆ ಸಿಟ್ಟು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಆ ಮುದುಕಿ ಮಗನ ಗಾಡಿಗೆ ಒಳ್ಳೆಯದಾಗಲಿ ಎಂದೇ ಪೂಜೆ ಮಾಡಿದ್ದು, ಪೂಜೆ ಕೆಡದಿರಲಿ ಎಂದೇ ಇಕ್ಕಳ ತಂದದ್ದು. "ಚಪಾತಿ ಆರಿಹೋಗ್ತೈತೆ, ತಿನ್ರಿ," ಎಂದೆ. ಅವರು ನನ್ನ ಕೈ ಬಿಟ್ಟು ಅರ್ಧ ಚಪಾತಿ ತಿಂದರು.

ಪಟ್ಟಿ ಬಿಚ್ಚಿದ ದಿನ ಡಾಕ್ಟರಮ್ಮ ಎಡಗಣ್ಣು ಮುಚ್ಚಿ ಬೆರಳು ತೋರಿಸಿದರು. ಇವರಿಗೆ ಬೆರಳು ಕಾಣಲಿಲ್ಲ. ಟಾರ್ಚ್ ಬಿಟ್ಟಾಗ, "ಬೆಳಕು ಬಂತು. ಬೂದಿ ಬೂದಿ ಐತೆ," ಅಂದರು. ದಾನದ ಕಣ್ಣು ತಂದು ಹಾಕಿದರೂ ಒಳಗೆ ಹಿಂದಿನ ಪೊರೆಯೇ ಹರಿದಿರುವುದರಿಂದ ಉಪಯೋಗವಿಲ್ಲ ಎಂದು ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಇವರು ಒಂದೇ ಪ್ರಶ್ನೆ ಕೇಳಿದರು.

"ಗಾಡಿ ಓಡಿಸಬೌದಾ ಮೇಡಂ?"

"ಜನರನ್ನ ಕೂರಿಸಿಕೊಂಡು ಬಾಡಿಗೆ ಓಡಿಸೋಕೆ ಆಗಲ್ಲ. ಒಂದೇ ಕಣ್ಣಲ್ಲಿ ಮುಂದಿನ ಗಾಡಿ ಎಷ್ಟು ದೂರ ಇದೆ ಅಂತ ಅಂದಾಜು ಸಿಗಲ್ಲ."

"ಹೌದಾ," ಅಂದರು ಇವರು. ಆಮೇಲೆ, "ಆಯ್ತು ಬಿಡ್ರಿ," ಅಂದರು. ಡಾಕ್ಟರಮ್ಮನಿಗೇ ಸಮಾಧಾನ ಮಾಡಿದ ಹಾಗಿತ್ತು.

ಮನೆಗೆ ಬಂದರೆ ಕಾರು ನಿಂತಲ್ಲೇ ನಿಂತಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು ಕಪ್ಪಗೆ ಒಣಗಿದ್ದವು. ಯಾರೂ ಮುಟ್ಟಿರಲಿಲ್ಲ. ನಾನೇ ಆಯ್ದು ತಿಪ್ಪೆಗೆ ಹಾಕಿದೆ. ಪೆಟ್ಟಿಗೆ ಮಣೆಯ ಮೇಲಿಂದ ಇಳಿದಿತ್ತಾದರೂ ಕನ್ನಡಕದ ಕುಂಕುಮ ಹಾಗೇ ಇತ್ತು. ಸೆರಗಿನಿಂದ ಒರೆಸಿ ಹಾಕಿಕೊಂಡೆ. ಗ್ಲೌಸು ಹಾಕಿಕೊಂಡೆ. ಆಸಿಡ್ ಸಿಡಿದ ಜಾಗಕ್ಕೆಲ್ಲ ಅಡುಗೆ ಸೋಡಾ ಕದಡಿದ ನೀರು ಹುಯ್ದೆ, ನೊರೆ ಎದ್ದು ಅಡಗುವ ತನಕ ಕಾದೆ. ಮೈನಸ್ಸು ಬಿಚ್ಚಿದೆ, ಪ್ಲಸ್ಸು ಬಿಚ್ಚಿದೆ, ಒಡೆದ ಬ್ಯಾಟರಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಎತ್ತಿ ಹಳೆಯ ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಸಿದೆ. ಹೊಸದನ್ನು ಕೂರಿಸಿ ಪ್ಲಸ್ಸು ಹಾಕಿದೆ, ಮೈನಸ್ಸು ಹಾಕಿದೆ. ಮನೆಯವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಸ್ವಲ್ಪ ದೂರ ನಿಲ್ರಿ," ಅಂದೆ. ಅವರು ಹಿಂದೆ ಹಿಂದೆ ಸರಿದು ಗೇಟಿನ ಆಚೆ ರಸ್ತೆಗೇ ಹೋಗಿ ನಿಂತರು. ಅಷ್ಟು ದೂರ ಬೇಕಾಗಿರಲಿಲ್ಲ. ಬರ್ರಿ ಎಂದು ಕರೆಯಲೂ ನನಗೆ ತೋಚಲಿಲ್ಲ.

ಕಾರು ಮಾರುವುದೋ ಇಟ್ಟುಕೊಳ್ಳುವುದೋ ಎಂದು ಮನೆಯಲ್ಲಿ ಮಾತಾಯಿತು. ಮಾರಿದರೆ ಇವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ನನಗೆ ಕಾರು ಓಡಿಸಲು ಬರುತ್ತಿತ್ತು, ಲೈಸೆನ್ಸೂ ಇತ್ತು. ಬೆಳಗಿನ ಬಾಡಿಗೆ ನಾನು ಓಡಿಸುವುದು, ಮಧ್ಯಾಹ್ನದಿಂದ ಅಂಗಡಿ ತೆಗೆಯುವುದು ಎಂದು ತೀರ್ಮಾನವಾಯಿತು. ಇವರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ದಾರಿ, ಗಿರಾಕಿ ಎಲ್ಲ ಅವರದೇ. ಫೋನ್ ಮಾಡುವವರು ಈಗಲೂ ಅವರನ್ನೇ ಕೇಳುತ್ತಾರೆ.

ಸ್ಟೀರಿಂಗ್ ಬಲಕ್ಕೆ, ಅವರ ಸೀಟು ಎಡಕ್ಕೆ. ಹಾಗಾಗಿ ನಾನು ಕೂರುವುದು ಅವರ ಹೋದ ಕಣ್ಣಿನ ಕಡೆ. ಮೊದಮೊದಲು ನನ್ನ ಜೊತೆ ಮಾತಾಡಲು ಪೂರ್ತಿ ಕತ್ತು ತಿರುಗಿಸುತ್ತಿದ್ದರು. ಕತ್ತು ನೋಯುತ್ತದೆ ಎಂದು ಬಿಟ್ಟರು. ಈಗ ಮುಂದಿನ ರಸ್ತೆ ನೋಡಿಕೊಂಡೇ ನನ್ನ ಹತ್ತಿರ ಮಾತಾಡುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಹಿರಿಯೂರಿನ ಬಸ್ಸಿಳಿದ ಒಬ್ಬ ಅಜ್ಜಿ ಮತ್ತು ಅವರ ಸೊಸೆಯನ್ನು ಹತ್ತಿಸಿಕೊಂಡು ಹಾಲುರಾಮೇಶ್ವರಕ್ಕೆ ಹೊರಟೆವು. ಸೊಸೆ ಹತ್ತಿದವಳೇ ನಿದ್ದೆಗೆ ಬಿದ್ದಳು. ಅಜ್ಜಿಗೆ ಮಾತು ಬೇಕು.

"ಏನಪ್ಪ, ಹೆಂಡ್ರ ಕೈಯಾಗೆ ಗಾಡಿ ಕೊಟ್ಟು ನೀನು ಆರಾಮಾಗಿ ಕುಂತಿದೀಯಲ್ಲ?"

"ಎಷ್ಟು ವರ್ಷ ಅಂತ ನಾನೇ ಓಡುಸ್ಲಿ ಅಜ್ಜಿ? ಈಗ ನಾನು ಸಾಹೇಬ್ರು, ಅವಳು ಡ್ರೈವರ್ರು," ಎಂದು ನಕ್ಕರು. ಅಜ್ಜಿಯೂ ನಕ್ಕರು. ನಾನೂ ಮೂಗಿನಲ್ಲೇ ಒಂದು ನಗು ನಕ್ಕಿರಬೇಕು.

ಆಮೇಲೆ ಅವರು ತಮ್ಮ ಪಾಡಿಗೆ ದಾರಿ ಹೇಳತೊಡಗಿದರು. ಅಲ್ಲಿ ಕುರಿ ಅಡ್ಡ ಬರ್ತವೆ, ಇಲ್ಲಿ ಬಸ್ಸಿನವನು ಇಂಡಿಕೇಟರ್ ಹಾಕಲ್ಲ. ನಾನು ಹ್ಞೂಂ ಅನ್ನುತ್ತಾ ಗೇರ್ ಬದಲಾಯಿಸಲು ಕೆಳಗೆ ನೋಡಿದೆ. ಅವರ ಬಲಗಾಲು ಕಣ್ಣಿಗೆ ಬಿತ್ತು. ಚಪ್ಪಲಿ ಬಿಚ್ಚಿಟ್ಟು ಬರಿಗಾಲನ್ನು ಮ್ಯಾಟಿನ ಮೇಲೆ ಇಟ್ಟಿದ್ದರು. ಮುಂದೊಂದು ಟ್ರ್ಯಾಕ್ಟರ್ ನಿಧಾನವಾಯಿತು. ಆ ಕಾಲು ಮ್ಯಾಟನ್ನು ಒತ್ತಿತು. ಟ್ರ್ಯಾಕ್ಟರ್ ಪಕ್ಕದ ದಾರಿಗೆ ಹೊರಳಿತು, ಕಾಲು ಹಗುರವಾಯಿತು. ತಿರುವು ಬಂತು, ಮತ್ತೆ ಒತ್ತಿತು. ಅಲ್ಲಿ ಬ್ರೇಕ್ ಇಲ್ಲ, ಏನೂ ಇಲ್ಲ, ರಬ್ಬರ್ ಮ್ಯಾಟು ಅಷ್ಟೇ. ಹಿಮ್ಮಡಿ ಊರಿಕೊಂಡ ಜಾಗದಲ್ಲಿ ಮ್ಯಾಟು ಸವೆದು ಹೊಳೆಯುತ್ತಿತ್ತು. ನಾನು ಓಡಿಸಲು ಶುರುಮಾಡಿದಾಗಿನಿಂದಲೂ ಅವರು ಹೀಗೇ ನನ್ನ ಪಕ್ಕದಲ್ಲಿ ಕೂತು ಓಡಿಸುತ್ತಿದ್ದಾರೆ.

ಅಳು ಬಂತು. ಬರುತ್ತದೆಂದು ಗೊತ್ತಾಗುವ ಮೊದಲೇ ಬಂತು. ಗಂಟಲಿನಿಂದ ಸದ್ದು ಬರದ ಹಾಗೆ ಹಲ್ಲು ಕಚ್ಚಿ ಹಿಡಿದೆ. ಕೆನ್ನೆ, ಕುತ್ತಿಗೆ, ರವಿಕೆಯ ಅಂಚು ಎಲ್ಲ ಒದ್ದೆಯಾಯಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ಎತ್ತಿದರೆ ಅವರಿಗೆ ಗೊತ್ತಾಗುತ್ತದೆ. ಅವರು ನನ್ನಿಂದ ಒಂದು ಮೊಳ ದೂರದಲ್ಲಿ ಕೂತು ಮುಂದೆ ನೋಡುತ್ತಾ, ಹಿಂದಿನ ವರ್ಷ ಈ ರಸ್ತೆಗೆ ಹಾಕಿದ ಡಾಂಬರು ಎಷ್ಟು ಕಳಪೆ ಎಂದು ಹೇಳುತ್ತಿದ್ದರು. ಅಜ್ಜಿ ಕನ್ನಡಿಯಲ್ಲಿ ನನ್ನನ್ನು ನೋಡಿಬಿಟ್ಟರು. ಏನೋ ಕೇಳಲು ಬಾಯಿ ತೆರೆದರು. ನಾನು ಕನ್ನಡಿಯಲ್ಲೇ ಬೇಡವೆಂದು ತಲೆಯಾಡಿಸಿದೆ. ಅವರು ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು.

"ಮುಂದೆ ಹಂಪ್ ಐತೆ," ಅಂದರು ಮನೆಯವರು. "ಬಣ್ಣ ಬಳಿದಿಲ್ಲ. ಕಾಣ್ತೈತೇನೆ?"

"ಕಾಣ್ತೈತೆ ಕಣ್ರಿ," ಎಂದೆ.

ಇಬ್ಬರೂ ಒಟ್ಟಿಗೇ ಬ್ರೇಕ್ ತುಳಿದೆವು.